ಹುವಾರೆಸ್ ಬಯಲಲ್ಲಿ ಗೋಕು ಬಿದ್ದ ಸಂಜೆ

ಕಾಲಿಡಲು ಜಾಗವಿಲ್ಲ. ಮುಂದೆ ಸರಿಯೋಣವೆಂದರೆ ಅಜ್ಜಿ, ಸೊಸೆ, ಮೊಮ್ಮಕ್ಕಳ ಸಂಸಾರವೊಂದು ಮಡಚುವ ಕುರ್ಚಿಗಳನ್ನು ಹರಡಿಕೊಂಡು ಕೂತುಬಿಟ್ಟಿದೆ. ಹಿಂದೆ ಸರಿದರೆ ಬೆನ್ನಿಗೆ ಏನೋ ಚುಚ್ಚುತ್ತದೆ. ತಿರುಗಿ ನೋಡುತ್ತೀರಿ. ಐದಾರು ವರ್ಷದ ಹುಡುಗ, ಕಿತ್ತಳೆ ಬಣ್ಣದ ಅಂಗಿ, ನಡುವಿಗೆ ನೀಲಿ ಪಟ್ಟಿ, ಬೆನ್ನಿಗೆ ಕಟ್ಟಿಕೊಂಡ ಕೆಂಪು ಕೋಲು. ಕೂದಲನ್ನು ಜೆಲ್ ಹಚ್ಚಿ ನೆಟ್ಟಗೆ ನಿಲ್ಲಿಸಿ ಮೇಲೆ ಬೆಳ್ಳಿ ಬಣ್ಣದ ಸ್ಪ್ರೇ ಹೊಡೆದಿದ್ದಾರೆ. ಹೊಡೆಯುವಾಗ ಹುಡುಗ ಸುಮ್ಮನೆ ನಿಂತಿರಲಿಲ್ಲವೆಂದು ಕಾಣುತ್ತದೆ, ಒಂದು ಕಿವಿಯೂ ಬೆಳ್ಳಿಯಾಗಿದೆ. ಅವನ ಅಪ್ಪ ನಿಮ್ಮತ್ತ ಸಂಕೋಚದಿಂದ ನಕ್ಕು, ಮಗನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಳ್ಳುತ್ತಾನೆ. ಅಪ್ಪನ ಮೈಮೇಲೂ ಅದೇ ಕಿತ್ತಳೆ ಅಂಗಿ. ಹೊಟ್ಟೆಯ ಹತ್ತಿರ ಮಾತ್ರ ಕೊಂಚ ಬಿಗಿ.

ಪಕ್ಕಾ ಅಭಿಮಾನಿಗಳು ಹುಡುಗನ ವೇಷಕ್ಕೆ ತಕರಾರು ತೆಗೆದಾರು. ಕೋಲು ಜಪಾನಿ ಕಾರ್ಟೂನಿನ ನಾಯಕ ಗೋಕುವಿನ ಬಾಲ್ಯದ್ದು, ಬೆಳ್ಳಿ ಕೂದಲು ಅವನಿಗೆ ಬಂದದ್ದು ಹಿಂದಿನ ಕಂತಿನಲ್ಲಷ್ಟೇ. ಎರಡರ ನಡುವೆ ಮೂವತ್ತು ವರ್ಷಗಳ ಕತೆ ಇದೆ. ಆದರೆ ಅಪ್ಪನಿಗೆ ತಾನು ಚಿಕ್ಕವನಾಗಿದ್ದಾಗ ಕಂಡ ಗೋಕು ಬೇಕು, ಮಗನಿಗೆ ಮೊನ್ನೆ ಕಂಡವನು ಬೇಕು. ಒಂದೇ ಮೈಮೇಲೆ ಇಬ್ಬರಿಗೂ ಜಾಗ ಸಿಕ್ಕಿದೆ.

ಇದು ಸಿಯುದಾದ್ ಹುವಾರೆಸ್, ಮೆಕ್ಸಿಕೋದ ಉತ್ತರದ ಅಂಚು. 2018ರ ಮಾರ್ಚ್ 17, ಶನಿವಾರ ಸಂಜೆ. ನೀವು ನಿಂತಿರುವ ಬಯಲಿಗೆ ಪ್ಲಾಸಾ ದೆ ಲಾ ಮೆಹಿಕಾನಿದಾದ್ ಎಂದು ಹೆಸರು. ತಲೆ ಎತ್ತಿದರೆ ಕಡುಗೆಂಪು ಬಣ್ಣದ ಬೃಹತ್ ಎಕ್ಸ್. ಸುಮಾರು 60 ಮೀಟರ್ ಎತ್ತರದ ಉಕ್ಕಿನ ಶಿಲ್ಪ ಅದು. ಇದೇ ಚಿವಾವಾ ರಾಜ್ಯದಲ್ಲಿ ಹುಟ್ಟಿದ ಶಿಲ್ಪಿ ಸೆಬಾಸ್ತಿಯಾನ್ ಮಾಡಿದ್ದು, 2013ರಿಂದ ಇಲ್ಲಿದೆ. ಅದರಾಚೆ ಸಿಮೆಂಟಿನ ಕಾಲುವೆಯಂತಾಗಿಹೋದ ನದಿ. ನದಿಯಾಚೆ ಬೇಲಿ, ಬೇಲಿಯಾಚೆ ಅಮೆರಿಕದ ಎಲ್ ಪಾಸೊ. ಅಲ್ಲಿನ ಮನೆಗಳ ಕಿಟಕಿಯಿಂದಲೂ ಈ ಎಕ್ಸ್ ಕಾಣುತ್ತದೆ.

ಸಂಗೀತ ಕಚೇರಿಗೆ ಕಟ್ಟುವಂಥ ದೊಡ್ಡ ಪರದೆ ಎದುರಿಗಿದೆ, ಆಳೆತ್ತರದ ಸ್ಪೀಕರುಗಳಿವೆ, ಹಾಡುವವರು ಮಾತ್ರ ಯಾರೂ ಇಲ್ಲ. ಇಷ್ಟು ಸಾವಿರ ಜನ ಸೇರಿರುವುದು ಇಪ್ಪತ್ತು ಚಿಲ್ಲರೆ ನಿಮಿಷದ ಒಂದು ಕಾರ್ಟೂನ್ ಕಂತಿಗೆ. ‘ಡ್ರ್ಯಾಗನ್ ಬಾಲ್ ಸೂಪರ್’, ಕಂತು 130. ಕೊನೆಯದೂ ಅಲ್ಲ, ಕೊನೆಯದರ ಹಿಂದಿನದು.

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ದೊಡ್ಡ ನಟನ ಚಿತ್ರದ ಮೊದಲ ದಿನ ಮೊದಲ ಆಟಕ್ಕೆ ನಿಂತವರಿಗೆ ಈ ಗಾಳಿಯ ಪರಿಚಯವಿರುತ್ತದೆ. ಕಾರಣವಿಲ್ಲದೆ ಒಂದು ಮೂಲೆಯಿಂದ ಶಿಳ್ಳೆ ಏಳುತ್ತದೆ, ಅದಕ್ಕೆ ಇನ್ನೊಂದು ಮೂಲೆ ಉತ್ತರ ಕೊಡುತ್ತದೆ, ಪರದೆಯಲ್ಲಿ ಏನೂ ಇಲ್ಲದಿದ್ದರೂ ಎಲ್ಲರೂ ಪರದೆಯನ್ನೇ ನೋಡುತ್ತಾರೆ. ವ್ಯತ್ಯಾಸವೆಂದರೆ, ನಮ್ಮಲ್ಲಿ ಮೊದಲ ಆಟಕ್ಕೆ ಅಜ್ಜಿಯನ್ನು ಯಾರೂ ಕರೆದುಕೊಂಡು ಹೋಗುವುದಿಲ್ಲ.

ಜಪಾನಿನ ಫುಜಿ ಟಿವಿಯಲ್ಲಿ ಈ ಸರಣಿಯ ಹೊತ್ತು ಭಾನುವಾರ ಬೆಳಗ್ಗೆ 9. ಆಗ ಹುವಾರೆಸ್‌ನಲ್ಲಿ ಶನಿವಾರ ಸಂಜೆ 6. ಟೋಕಿಯೋದ ಮಗು ಕಣ್ಣುಜ್ಜಿಕೊಳ್ಳುತ್ತ, ತಿಂಡಿ ತಟ್ಟೆ ಮುಂದಿಟ್ಟುಕೊಂಡು ಅರೆಮನಸ್ಸಿನಿಂದ ನೋಡುವ ಹೊತ್ತಿನ ಕಾರ್ಯಕ್ರಮ ಇದು. ಅಲ್ಲಿ ಇದಕ್ಕಾಗಿ ಬೀದಿಗಿಳಿಯುವ ಪದ್ಧತಿ ಇಲ್ಲ. ಇಲ್ಲಿ ಅದು ಜಾತ್ರೆಯಾಗಿದೆ. ತಳ್ಳುಗಾಡಿಯವನು ಬೇಯಿಸಿದ ಜೋಳದ ಕಾಳನ್ನು ಕಪ್ಪಿಗೆ ತುಂಬಿ, ಮೇಲೆ ಮೇಯನೇಸ್, ತುರಿದ ಚೀಸು, ನಿಂಬೆರಸ, ಖಾರದ ಪುಡಿ ಹಾಕಿ ಕೊಡುತ್ತಿದ್ದಾನೆ. ಅವನ ಪಕ್ಕ ಬುರಿಟೊ ಮಾರುವವಳು, ಅವಳ ಪಕ್ಕ ಪ್ಲಾಸ್ಟಿಕ್ಕಿನ ಕಿತ್ತಳೆ ಉಂಡೆಗಳನ್ನು ಏಳೇಳರ ಗಂಟು ಕಟ್ಟಿ ಮಾರುವ ಹುಡುಗ. ಒಳಗೆ ಕೆಂಪು ನಕ್ಷತ್ರ, ಒಂದರಿಂದ ಏಳರವರೆಗೆ. ಕತೆಯ ಪ್ರಕಾರ ಏಳೂ ಸೇರಿದರೆ ಡ್ರ್ಯಾಗನ್ ಬಂದು ವರ ಕೊಡಬೇಕು. ಹುಡುಗ ಚೌಕಾಸಿಗೆ ಜಗ್ಗುತ್ತಿಲ್ಲ.

ಪರದೆ ಕಟ್ಟಿಸಿದ್ದು ಯಾವುದೋ ಅಭಿಮಾನಿ ಸಂಘವಲ್ಲ, ಸಾಕ್ಷಾತ್ ನಗರಾಡಳಿತ. ಮೇಯರ್ ಆರ್ಮಾಂಡೊ ಕಬಾದಾ ಯಾವ ಪಕ್ಷದ ಹಂಗೂ ಇಲ್ಲದೆ 2016ರಲ್ಲಿ ಗೆದ್ದವರು. ಅದಕ್ಕೆ ಮುಂಚೆ ಇದೇ ಊರಿನ ಟಿವಿಯಲ್ಲಿ ಸುದ್ದಿ ಹೇಳುತ್ತಿದ್ದವರು. ಸಂಜೆ ಹೊತ್ತು ಜನ ಪರದೆ ಮುಂದೆ ಯಾಕೆ ಕೂರುತ್ತಾರೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಜುಲೈ ಒಂದಕ್ಕೆ ಚುನಾವಣೆ ಬೇರೆ ಇದೆ.

ಆದರೆ ಪ್ರದರ್ಶನದ ಸುದ್ದಿ ಹರಡುತ್ತಿದ್ದಂತೆ ಸರಣಿಯನ್ನು ತಯಾರಿಸುವ ತೋಯಿ ಆ್ಯನಿಮೇಷನ್ ಸಂಸ್ಥೆ ಒಂದು ಹೇಳಿಕೆ ಹೊರಡಿಸಿತು. 130 ಮತ್ತು 131ನೇ ಕಂತುಗಳನ್ನು ಹೀಗೆ ಬಹಿರಂಗವಾಗಿ ತೋರಿಸಲು ತಾನು ಅನುಮತಿ ಕೊಟ್ಟಿಲ್ಲ, ಅಧಿಕೃತ ಮಾರ್ಗಗಳಲ್ಲೇ ನೋಡಿ ಎಂಬುದು ಅದರ ಸಾರ. ಕಾನೂನು ಸಂಸ್ಥೆಯ ಕಡೆಗಿದೆ, ನ್ಯಾಯವೂ ಬಹುಪಾಲು ಆ ಕಡೆಗೇ ಇದೆ. ಚಿತ್ರ ಬರೆಯುವವರ ಹೊಟ್ಟೆ ತುಂಬಬೇಕಲ್ಲ. ಆದರೂ ಹುವಾರೆಸ್‌ನಲ್ಲಿ ಪರದೆ ಇಳಿಯಲಿಲ್ಲ. ಮೆಕ್ಸಿಕೋದ ಬೇರೆ ಊರುಗಳಲ್ಲಿ, ಲ್ಯಾಟಿನ್ ಅಮೆರಿಕದ ಬೇರೆ ದೇಶಗಳಲ್ಲಿ ಕೂಡ ಚೌಕಗಳಿಗೆ ಪರದೆಗಳು ಬಂದಿವೆ. ನಿಮ್ಮ ಸುತ್ತ ಇರುವವರಿಗೆ ಆ ಹೇಳಿಕೆ ಗೊತ್ತು. ಅದಕ್ಕೇ ಇರಬೇಕು, ಪರದೆಯಲ್ಲಿ ನೀಲಿ ಬೆಳಕು ಒಮ್ಮೆ ಮಿನುಗಿ ಆರಿದರೂ ಸಾಕು, ಕೊನೇ ಗಳಿಗೆಯಲ್ಲಿ ನಿಲ್ಲಿಸಿಬಿಟ್ಟರೇನೋ ಎಂಬ ಗಾಬರಿ ಬಯಲಿನುದ್ದಕ್ಕೂ ಹರಿಯುತ್ತದೆ.

ಕತೆ ಗೊತ್ತಿಲ್ಲದೆ ಬಂದವರಿಗೆ ಎರಡು ಮಾತು. ಎಂಟು ವಿಶ್ವಗಳು, ಒಂದೊಂದರಿಂದ ಹತ್ತು ಹತ್ತು ಜಟ್ಟಿಗಳು, ಒಟ್ಟು 80 ಮಂದಿ ಒಂದೇ ಅಖಾಡದಲ್ಲಿ. ಅಖಾಡದಿಂದ ಆಚೆ ಬಿದ್ದವನು ಸೋತ. ಹತ್ತೂ ಜನ ಬಿದ್ದರೆ ಆ ವಿಶ್ವವೇ ಇಲ್ಲವಾಗುತ್ತದೆ. ಹಾಗೆ ಅಳಿಸಿಹಾಕುವವನು ನೋಡಲು ಗೊಂಬೆಯಂತಿರುವ, ಮಗುವಿನ ಬುದ್ಧಿಯ ಸರ್ವೇಶ್ವರ. ಪಂದ್ಯದ ಅವಧಿ 48 ನಿಮಿಷ. ಈ 48 ನಿಮಿಷ ಶುರುವಾದದ್ದು 2017ರ ಜುಲೈನಲ್ಲಿ, 97ನೇ ಕಂತಿನಲ್ಲಿ. ಈಗ ಮಾರ್ಚ್, ಇನ್ನೂ ಮುಗಿದಿಲ್ಲ. ಡ್ರ್ಯಾಗನ್ ಬಾಲ್ ಬಲ್ಲವರಿಗೆ ಇದು ಹೊಸದಲ್ಲ. 1990ರ ದಶಕದಲ್ಲಿ ಒಂದು ಗ್ರಹ ಐದೇ ನಿಮಿಷದಲ್ಲಿ ಸ್ಫೋಟಿಸುತ್ತದೆ ಎಂದು ಖಳ ಹೇಳಿದ ಮೇಲೂ ಹೊಡೆದಾಟ ಕಂತು ಕಂತುಗಳ ತನಕ ನಡೆದಿತ್ತು. ಅವತ್ತು ಉಗುರು ಕಚ್ಚಿ ಕೂತಿದ್ದ ಮಕ್ಕಳೇ ಇವತ್ತು ಮಕ್ಕಳನ್ನು ಹೆಗಲ ಮೇಲೆ ಹೊತ್ತು ನಿಂತಿದ್ದಾರೆ.

ಅಖಾಡದಲ್ಲಿ ಈಗ ಕಾದಾಡುತ್ತಿರುವುದು ಗೋಕು ಮತ್ತು ಜಿರೆನ್. ಜಿರೆನ್ ಹನ್ನೊಂದನೇ ವಿಶ್ವದವನು, ಅಲ್ಲಿ ನ್ಯಾಯ ಕಾಯುವ ಸೂಪರ್‌ಹೀರೋ ಪಡೆಯೊಂದರ ಸದಸ್ಯ. ಕೆಂಪು ಕಪ್ಪು ಸಮವಸ್ತ್ರ, ಬೂದು ಮೈ, ಮಾತಿಗೆ ಬಡತನ. ತಮಾಷೆ ನೋಡಿ, ಮಾಮೂಲಿ ಅರ್ಥದಲ್ಲಿ ಸೂಪರ್‌ಹೀರೋ ಎಂದು ಕರೆಯಬೇಕಾದವನು ಇಲ್ಲಿ ಎದುರಾಳಿ. ಗೋಕುವೋ, ದುರ್ಬಲರನ್ನು ಕಾಯುತ್ತೇನೆಂದು ಪಣತೊಟ್ಟವನಲ್ಲ. ತನಗಿಂತ ಬಲಶಾಲಿ ಸಿಕ್ಕರೆ ಹಿಗ್ಗುವವನು, ಅಷ್ಟೇ. ಅವನು ಸಾಯುತ್ತಿರುವ ಗ್ರಹದಿಂದ ಕೂಸಾಗಿ ಭೂಮಿಗೆ ಬಂದದ್ದು ಸೂಪರ್‌ಮ್ಯಾನ್‌ನ ಕತೆಯಂತೆ. ಬಾಲ, ಕೋಲು, ಏರಿ ಹೋಗುವ ಮೋಡ ಇವೆಲ್ಲ ಬಂದದ್ದು ಚೀನಾದ ಹದಿನಾರನೇ ಶತಮಾನದ ಕಾದಂಬರಿಯ ವಾನರ ಸುನ್ ವುಕಾಂಗ್‌ನಿಂದ. ಆ ವಾನರನಿಗೂ ನಮ್ಮ ಹನುಮಂತನಿಗೂ ನಂಟಿದೆಯೇ ಎಂದು ವಿದ್ವಾಂಸರು ಇನ್ನೂ ವಾದ ಮಾಡುತ್ತಿದ್ದಾರೆ, ಮಾಡಲಿ.

ಬೆಳಕು ಇಳಿಯುತ್ತಿದೆ. ಕಾಯುತ್ತಿರುವಾಗ ಒಂದು ಪ್ರಯೋಗ ಮಾಡಿ. ಮೂವತ್ತರ ಆಸುಪಾಸಿನ ಯಾರನ್ನಾದರೂ ನಿಲ್ಲಿಸಿ, ಗೋಕು ಹೇಗೆ ಮಾತಾಡುತ್ತಾನೆ ಎಂದು ಕೇಳಿ. ಗಂಟಲು ಸರಿಮಾಡಿಕೊಂಡು, ಎದೆಯಾಳದಿಂದ ನಗು ಬೆರೆತ ಒಂದು ಗಂಡುದನಿ ತೆಗೆದು ತೋರಿಸುತ್ತಾರೆ. ಅದು ಮಾರಿಯೊ ಕಸ್ತಾನ್ಯೇದಾ ದನಿ. ಮೆಕ್ಸಿಕೋ ನಗರದ ಇಂಟರ್‌ಟ್ರ್ಯಾಕ್ ಸ್ಟುಡಿಯೋದಲ್ಲಿ, ಗ್ಲೋರಿಯಾ ರೋಚಾ ನಿರ್ದೇಶನದಲ್ಲಿ ಹಳೆಯ ಸರಣಿ ‘ಡ್ರ್ಯಾಗನ್ ಬಾಲ್ ಜೀ’ ಸ್ಪ್ಯಾನಿಷ್ ಮಾತು ಕಲಿತದ್ದು 1990ರ ದಶಕದಲ್ಲಿ. ಟಿವಿಯ ಕನಾಲ್ 5ರಲ್ಲಿ ಅದು ಬಂತು, ಶಾಲೆ ಬಿಟ್ಟ ಮಕ್ಕಳು ಚೀಲ ಎಸೆದು ಅದರ ಮುಂದೆ ಕೂತರು. ಮೆಕ್ಸಿಕೋದಲ್ಲಿ ಆದ ಈ ಡಬ್ಬಿಂಗೇ ಸ್ಪ್ಯಾನಿಷ್ ಮಾತಾಡುವ ಅಮೆರಿಕ ಖಂಡದ ಉದ್ದಕ್ಕೂ ಹೋಯಿತು. ಗೋಕುವಿನ ಪ್ರತಿಸ್ಪರ್ಧಿ ವೆಜೀಟಾಗೆ ರೆನೆ ಗಾರ್ಸಿಯಾ, ದೊಡ್ಡವನಾದ ಮಗ ಗೊಹಾನ್‌ಗೆ ಲೂಯಿಸ್ ಅಲ್ಫೊನ್ಸೊ ಮೆಂಡೋಸಾ, ನಿರೂಪಣೆಗೆ ಹೋಸೆ ಲಾವಾತ್. ಲಾವಾತ್ ಈ ಸಂಜೆಯಿಂದ ಎರಡೇ ತಿಂಗಳಿಗೆ ತೀರಿಕೊಳ್ಳುತ್ತಾರೆ. ಮೆಂಡೋಸಾ 2020ರಲ್ಲಿ ಮೆಕ್ಸಿಕೋ ನಗರದಲ್ಲಿ ಗುಂಡೇಟಿಗೆ ಬಲಿಯಾಗುತ್ತಾರೆ. ಈ ಬಯಲಿನ ಯಾರಿಗೂ ಅದು ಇನ್ನೂ ಗೊತ್ತಿಲ್ಲ.

ಇಲ್ಲಿ ನನ್ನದೊಂದು ಸಣ್ಣ ಹೊಟ್ಟೆಯುರಿ ಹೇಳಿಕೊಳ್ಳಬೇಕು. 2000ದ ಸುಮಾರಿಗೆ ನಮ್ಮ ಮಕ್ಕಳೂ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಇದೇ ಗೋಕುವನ್ನು ನೋಡಿದರು. ಆದರೆ ಅವನು ಕನ್ನಡ ಆಡಲಿಲ್ಲ. ಡಬ್ಬಿಂಗ್ ಎಂದರೆ ಕನ್ನಡಕ್ಕೆ ಕುತ್ತು ಎಂಬ ಮಾತು ದಶಕಗಳ ಕಾಲ ಅಘೋಷಿತ ಕಾನೂನಾಗಿ ನಿಂತಿತ್ತು. ಚಿಂಟು ಟಿವಿ ಬಂದು ಕಾರ್ಟೂನುಗಳು ಕನ್ನಡ ಮಾತಾಡತೊಡಗಿದ್ದು 2009ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಶೂರರೆಲ್ಲ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕಿರುಚುತ್ತಾರೆ ಎಂದು ಒಪ್ಪಿಕೊಂಡಾಗಿತ್ತು. ಕನ್ನಡವನ್ನು ಕಾಯಲು ಹೊರಟವರ ಉದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ, ಅದರ ಬೆಲೆಯನ್ನು ತೆತ್ತವರು ಮಕ್ಕಳು ಎಂಬುದರಲ್ಲೂ ಅನುಮಾನವಿಲ್ಲ. ಹುವಾರೆಸ್‌ನ ಅಜ್ಜಿ ಯಾಕೆ ಇಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ? ಮಗ ಟಿವಿ ನೋಡುವಾಗ ಅಡುಗೆಮನೆಯಲ್ಲಿದ್ದ ಅವಳ ಕಿವಿಗೂ ಆ ಮಾತು ಬಿದ್ದಿತ್ತು, ಅರ್ಥವೂ ಆಗಿತ್ತು.

ಪರದೆ ಹೊತ್ತಿಕೊಂಡಿತು.

ಕೂಗು ಎಷ್ಟು ಜೋರೆಂದರೆ ಮೊದಲ ಕೆಲವು ಕ್ಷಣ ಸ್ಪೀಕರಿನ ಸದ್ದೇ ಕೇಳುವುದಿಲ್ಲ. ಶೀರ್ಷಿಕೆ ಗೀತೆ ಬರುತ್ತದೆ. ಹಾಡಿದವನು ಕಿಯೋಷಿ ಹಿಕಾವಾ, ಜಪಾನಿನಲ್ಲಿ ಹಿರಿಯರು ಇಷ್ಟಪಡುವ ಎಂಕಾ ಶೈಲಿಯ ಗಾಯಕ. ಇಲ್ಲಿ ಒಂದಕ್ಷರ ಜಪಾನಿ ಬಾರದ ಹುಡುಗರು ಅದನ್ನು ಬಾಯಿಪಾಠ ಮಾಡಿದ್ದಾರೆ, ತಪ್ಪೋ ಸರಿಯೋ ಕತ್ತಿನ ನರ ಉಬ್ಬುವಂತೆ ಹಾಡುತ್ತಾರೆ. ಮೊಬೈಲುಗಳು ಮೇಲೇಳುತ್ತವೆ. ಹಿಂದಿನವರು ಬೈಯುತ್ತಾರೆ. ಮೊಬೈಲುಗಳು ಇಳಿಯುತ್ತವೆ, ಮತ್ತೆ ಏಳುತ್ತವೆ.

ಬೆಳ್ಳಿ ಕೂದಲಿನ ಗೋಕು ಪರದೆಯ ತುಂಬ ನಿಲ್ಲುತ್ತಾನೆ. ಮೈ ಸುತ್ತ ಬೆಳ್ಳಿ ನೀಲಿ ಬೆಳಕು, ಮುಖದಲ್ಲಿ ಯಾವ ಭಾವವೂ ಇಲ್ಲ. ಮನಸ್ಸು ಯೋಚಿಸುವ ಮೊದಲೇ ಮೈ ತಾನಾಗಿ ಚಲಿಸುವ ಸ್ಥಿತಿಯಂತೆ ಇದು. ದೇವತೆಗಳಿಗೂ ಸುಲಭಕ್ಕೆ ಸಿಗದ್ದು. ‘ಗೋ-ಕು! ಗೋ-ಕು!’ ಎಂದು ಬಯಲು ತಾಳ ಹಾಕುತ್ತದೆ. ಅವನು ಬಾಯಿ ತೆರೆಯುತ್ತಾನೆ. ದನಿ ಬೇರೆ.

ಸ್ಪ್ಯಾನಿಷ್ ಡಬ್ಬಿಂಗ್ ಇಲ್ಲಿಯ ತನಕ ಬಂದಿಲ್ಲ, ಬಹಳ ಹಿಂದಿದೆ. ಈಗ ಕೇಳುತ್ತಿರುವುದು ಮೂಲ ಜಪಾನಿ ದನಿ, ಮಸಾಕೊ ನೊಝಾವಾ ಅವರದು. 1986ರಿಂದ ಗೋಕುವಾಗಿರುವವರು ಅವರು, ಈಗ ವಯಸ್ಸು 81. ಅಪ್ಪನ ಹೆಗಲ ಮೇಲಿನ ಹುಡುಗ ಬಗ್ಗಿ ಕೇಳುತ್ತಾನೆ, ‘ಅಪ್ಪಾ, ಯಾಕೆ ಇವನು ಅಜ್ಜಿ ಥರ ಮಾತಾಡ್ತಾನೆ?’

‘ಅವನ ಊರಲ್ಲಿ ಅವನು ಹಾಗೇ ಮಾತಾಡೋದು ಕಣೋ.’

ಹುಡುಗ ಒಪ್ಪುತ್ತಾನೆ. ಆದರೆ ಪರದೆಯ ಕೆಳಗೆ ಓಡುವ ಸಾಲುಗಳನ್ನು ಓದುವ ವಯಸ್ಸು ಅವನದಲ್ಲ. ಹಾಗಾಗಿ ಅಪ್ಪ ಓದಿ ಹೇಳತೊಡಗುತ್ತಾನೆ. ಮೊದಮೊದಲು ಬರೀ ಓದು. ಜಿರೆನ್‌ನ ಮಾತು ಬಂದಾಗ ದನಿ ದಪ್ಪವಾಗುತ್ತದೆ. ಗೋಕುವಿನ ಮಾತು ಬಂದಾಗ, ನೀವು ಗಮನಿಸುತ್ತೀರಿ, ಅವನು ಕಸ್ತಾನ್ಯೇದಾ ಆಗಿದ್ದಾನೆ. ಅದೇ ಎದೆಯಾಳ, ಮಾತಿನ ಕೊನೆಗೆ ಅದೇ ಎಳೆತ. ಕಿವಿಗೊಟ್ಟು ಕೇಳಿ. ನಿಮ್ಮ ಎಡಕ್ಕೆ ಒಬ್ಬ ತಾಯಿ ಹಾಗೇ ಹೇಳುತ್ತಿದ್ದಾಳೆ. ಮುಂದೆ ಕುರ್ಚಿಯಲ್ಲಿ ಅಜ್ಜಿಗೆ ಕಣ್ಣು ಮಂಜು, ಅವಳಿಗೆ ಮೊಮ್ಮಗಳು ಓದುತ್ತಿದ್ದಾಳೆ. ಜಪಾನಿ ಮಾತು ಮುಗಿದ ಒಂದು ಉಸಿರಿನ ನಂತರ, ಬಯಲಿನ ತುಂಬ, ನೂರಾರು ಗಂಟಲುಗಳಲ್ಲಿ ಗೋಕು ಸ್ಪ್ಯಾನಿಷ್ ಮಾತಾಡುತ್ತಿದ್ದಾನೆ. ಸ್ಟುಡಿಯೋ ಮಾಡದೆ ಬಿಟ್ಟ ಕೆಲಸವನ್ನು ನೋಡಲು ಬಂದವರೇ ಮಾಡಿ ಮುಗಿಸುತ್ತಿದ್ದಾರೆ.

ನಿಜ ಹೇಳಬೇಕೆಂದರೆ, ಈ ಕಂತು ಅಂಥ ದೊಡ್ಡ ಕೃತಿಯಲ್ಲ. ಮುಷ್ಟಿಗೆ ಮುಷ್ಟಿ ತಾಗುತ್ತದೆ, ಬಂಡೆಗಳು ಪುಡಿಯಾಗುತ್ತವೆ, ಬೆಳಕು ಬೆಳಕನ್ನು ನುಂಗುತ್ತದೆ. ನಡುನಡುವೆ ಕೆಲವು ಹೊಡೆತಗಳ ಚಿತ್ರಣ ಮಾತ್ರ ಮೈ ನವಿರೇಳುವಷ್ಟು ಚೆನ್ನಾಗಿದೆ. ಗೆರೆಗಳು ಹರಿದು ಹೋಗುವಂತೆ ಬಿಟ್ಟು, ಮುಖದ ಹೋಲಿಕೆಯನ್ನೂ ಲೆಕ್ಕಿಸದೆ ವೇಗವನ್ನೇ ಬರೆದಿದ್ದಾರೆ. ಮನೆಯಲ್ಲಿ ಕೂತು ಒಬ್ಬರೇ ನೋಡಿದರೆ ‘ಚೆನ್ನಾಗಿತ್ತು’ ಎಂದು ಎದ್ದುಹೋಗುವಷ್ಟು. ಇಲ್ಲಿ ಒಂದೊಂದು ಗುದ್ದಿಗೂ ನೆಲ ಅದುರುತ್ತದೆ. ಗುದ್ದು ಬೀಳುವ ಮೊದಲೇ ಅದುರುತ್ತದೆ, ಏಕೆಂದರೆ ಯಾವ ಮುಷ್ಟಿ ಎತ್ತಿದರೆ ಏನು ಬರುತ್ತದೆ ಎಂಬುದು ಈ ಜನಕ್ಕೆ ಇಪ್ಪತ್ತು ವರ್ಷದಿಂದ ಗೊತ್ತು.

ಮುಂದೆಲ್ಲೋ ಕೆಲವು ಯುವಕರು ಎರಡೂ ಕೈಗಳನ್ನು ಆಕಾಶಕ್ಕೆ ಎತ್ತಿದ್ದಾರೆ. ಅದು ಗೆಂಕಿದಾಮ. ಗೋಕು ಸೋಲುವ ಹಂತಕ್ಕೆ ಬಂದಾಗ ಭೂಮಿಯ ಎಲ್ಲ ಜೀವಿಗಳೂ ಕೈ ಎತ್ತಿ ತಮ್ಮ ತಮ್ಮ ಬಲದಲ್ಲಿ ಚೂರು ಚೂರು ಅವನಿಗೆ ಕೊಡುವುದು. ಈ ಕಂತಿನಲ್ಲಿ ಅದರ ಅಗತ್ಯವೇ ಬಂದಿಲ್ಲ, ಗೋಕು ಗೆಲ್ಲುತ್ತಿದ್ದಾನೆ. ಕೈಗಳು ಮಾತ್ರ ಏಳುತ್ತವೆ. ಆರು ವರ್ಷದ ನಂತರ, 2024ರ ಮಾರ್ಚ್‌ನಲ್ಲಿ, ಇವನನ್ನು ಬರೆದ ಅಕಿರಾ ತೊರಿಯಾಮಾ 68ನೇ ವಯಸ್ಸಿಗೆ ತೀರಿಕೊಂಡರೆಂಬ ಸುದ್ದಿ ಬಂದಾಗ, ಬ್ಯೂನಸ್ ಐರಿಸ್‌ನ ಒಬೆಲಿಸ್ಕೊ ಸ್ತಂಭದ ಬುಡದಲ್ಲಿ ಸಾವಿರಾರು ಜನ ಇದೇ ರೀತಿ ಕೈ ಎತ್ತಿ ನಿಲ್ಲುತ್ತಾರೆ.

ಈಗ ಜಿರೆನ್ ತತ್ತರಿಸುತ್ತಿದ್ದಾನೆ. ಸೋತು ಹೊರಬಿದ್ದವರು ಕೂತ ಅಟ್ಟಣೆಯಿಂದ ಗೋಕುವಿನ ಬಳಗದವರು ಕೂಗಿ ಹುರಿದುಂಬಿಸುತ್ತಿದ್ದಾರೆ. ಕ್ರಿಲಿನ್, ಗೊಹಾನ್, ಪಿಕೊಲೊ, ಎಂದೂ ಹೊಗಳದ ವೆಜೀಟಾ ಕೂಡ. ಜಿರೆನ್‌ಗೆ ಅದು ಸಹಿಸುವುದಿಲ್ಲ. ಗೆಳೆತನ, ನಂಬಿಕೆ ಎಂಬುದೆಲ್ಲ ಅವನ ಪಾಲಿಗೆ ಸುಳ್ಳು. ಚಿಕ್ಕಂದಿನಲ್ಲೇ ಹೆತ್ತವರನ್ನು, ಆಮೇಲೆ ಗುರುವನ್ನು ಕಳೆದುಕೊಂಡವನು. ಅವನು ಕೈ ಎತ್ತಿ ಬೆಂಕಿಯಂಥ ಶಕ್ತಿಯನ್ನು ಎಸೆಯುತ್ತಾನೆ. ಗೋಕುವಿನ ಮೇಲಲ್ಲ, ಅಟ್ಟಣೆಯ ಮೇಲೆ, ನೋಡುತ್ತ ಕೂತವರ ಮೇಲೆ.

ಬಯಲು ‘ಹೋ’ ಎನ್ನುತ್ತದೆ. ಈ ‘ಹೋ’ ಇದುವರೆಗಿನದರಂತಿಲ್ಲ. ಅದು ಸಿಟ್ಟು.

ಹುವಾರೆಸ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾದಕವಸ್ತು ದಂಧೆಯ ಕಾದಾಟದಲ್ಲಿ 2010ನೇ ಇಸವಿ ಒಂದರಲ್ಲೇ ಈ ಊರಿನಲ್ಲಿ 3,000ಕ್ಕೂ ಹೆಚ್ಚು ಕೊಲೆಗಳಾದವು. ಜಗತ್ತಿನ ಅತಿ ಅಪಾಯದ ನಗರ ಎಂದು ಆಗ ಪತ್ರಿಕೆಗಳು ಬರೆದವು. ಆ ವರ್ಷದ ಜನವರಿಯ ಕೊನೆಯಲ್ಲಿ ವಿಯಾಸ್ ದೆ ಸಾಲ್ವಾರ್ಕಾರ್ ಬಡಾವಣೆಯ ಒಂದು ಮನೆಯಲ್ಲಿ ಪಾರ್ಟಿಗೆ ಸೇರಿದ್ದ ಹುಡುಗರ ಮೇಲೆ ಬಂದೂಕುಧಾರಿಗಳು ಗುಂಡಿನ ಮಳೆಗರೆದರು. ಕನಿಷ್ಠ 15 ಮಂದಿ ಸತ್ತರು, ಹೆಚ್ಚಿನವರು ಶಾಲೆ ಕಾಲೇಜಿನ ವಿದ್ಯಾರ್ಥಿಗಳು. ಯಾರ ಜಗಳವೋ, ಸತ್ತವರು ಯಾರೋ. ಆ ಮಕ್ಕಳು ಬದುಕಿದ್ದರೆ ಇವತ್ತು ಇಪ್ಪತ್ತೈದರ ಹತ್ತಿರ ಇರುತ್ತಿದ್ದರು. ಈ ಬಯಲಿನಲ್ಲಿ ಅತಿ ಹೆಚ್ಚು ಇರುವುದು ಅದೇ ವಯಸ್ಸಿನವರು. ಆ ವರ್ಷಗಳಲ್ಲಿ ಸಂಜೆಯಾದರೆ ಮಕ್ಕಳನ್ನು ಒಳಗೆ ಕೂಡಿಹಾಕುತ್ತಿದ್ದರು, ಮನೆಯೊಳಗೆ ಟಿವಿ ಒಂದೇ ಬಯಲು. ಆಮೇಲೆ ಕೊಲೆಗಳು ಇಳಿದವು, 2018ರ ಹೊತ್ತಿಗೆ ಮತ್ತೆ ಏರತೊಡಗಿವೆ. ಇದನ್ನೆಲ್ಲ ಈ ಸಂಜೆ ಯಾರೂ ಆಡುತ್ತಿಲ್ಲ. ಅಪ್ಪನೊಬ್ಬ ಮಗನ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾನೆ, ಅಷ್ಟು ಬಿಗಿಯಾಗಿ ಹಿಡಿಯಲು ಹುಡುಗ ಬೀಳುತ್ತಾನೆಂಬ ಭಯವೊಂದೇ ಕಾರಣವಲ್ಲ.

ಗೋಕು ಅಡ್ಡ ಬಂದು ಆ ಬೆಂಕಿಯನ್ನು ತಡೆಯುತ್ತಾನೆ. ಇಷ್ಟು ಹೊತ್ತು ಭಾವವೇ ಇರದ ಆ ಮುಖದಲ್ಲಿ ಈಗ ಕೋಪವಿದೆ. ಬಯಲು ಸಿಡಿಯುತ್ತದೆ. ಯಾರೋ ಎಸೆದ ಕಪ್ಪಿನ ಜೋಳದ ಕಾಳು ನಿಮ್ಮ ಕುತ್ತಿಗೆಗೆ ಬಂದು ಬೀಳುತ್ತದೆ. ಅಪರಿಚಿತನೊಬ್ಬ ನಿಮ್ಮನ್ನು ತಬ್ಬಿಕೊಂಡು ಬಿಡುತ್ತಾನೆ, ಬಿಟ್ಟು ಇನ್ನೊಬ್ಬನನ್ನು ತಬ್ಬಿಕೊಳ್ಳುತ್ತಾನೆ. ಅಜ್ಜಿ ಕುರ್ಚಿ ಬಿಟ್ಟು ಎದ್ದಿದ್ದಾಳೆ.

ಇನ್ನು ಒಂದೇ ಹೊಡೆತ. ಜಿರೆನ್ ಮುಂದೆ ಬಿದ್ದಿದ್ದಾನೆ, ಗೋಕುವಿನ ಅಂಗೈಯಲ್ಲಿ ಬೆಳಕು ತುಂಬುತ್ತಿದೆ. ಎಲ್ಲರೂ ಎಣಿಸುತ್ತಿದ್ದಾರೆ. ಆಗ ಅವನ ಮೈಯೇ ಅವನಿಗೆ ತಿರುಗಿ ಬೀಳುತ್ತದೆ. ಕಪ್ಪು ನೇರಳೆ ಮಿಂಚು ಚರ್ಮ ಸೀಳಿಕೊಂಡು ಹೊರಡುತ್ತದೆ, ಬೆಳ್ಳಿ ಬಣ್ಣ ಕೂದಲಿನಿಂದ ಇಳಿದು ಹೋಗುತ್ತದೆ, 81ರ ಆ ಗಂಟಲು ಚೀರುವ ಚೀತ್ಕಾರ ಸ್ಪೀಕರಿನಿಂದ ಬಂದು ಎದೆಗೆ ಬಡಿಯುತ್ತದೆ. ದೇವತೆಗಳ ಬಲವನ್ನು ಮನುಷ್ಯರ ಮೈ ಎಷ್ಟು ಹೊತ್ತು ತಾಳೀತು. ಜಿರೆನ್ ಹೊಡೆಯುತ್ತಾನೆ. ಗೋಕು ಅಖಾಡದ ಅಂಚು ದಾಟಿ ಬೀಳುತ್ತಿದ್ದಾನೆ.

ಅಪ್ಪ ಓದುವುದನ್ನು ನಿಲ್ಲಿಸಿದ್ದಾನೆ. ‘ಏನಂತೆ? ಏನಂದ?’ ಎಂದು ಮಗ ತಲೆ ಮೇಲೆ ತಬಲ ಬಾರಿಸುತ್ತಿದ್ದಾನೆ. ಗೋಕು ಬೀಳುತ್ತ ಬೀಳುತ್ತ ಇದೇ ಕೊನೆಯೇನೋ ಎಂದುಕೊಳ್ಳುತ್ತಿದ್ದಾನೆ, ಅದನ್ನು ಕಸ್ತಾನ್ಯೇದಾ ದನಿಯಲ್ಲಿ ಹೇಳಲು ಅಪ್ಪನಿಗೆ ಬಾಯಿ ಬರುತ್ತಿಲ್ಲ. ಎಡಗಡೆಯ ಹುಡುಗಿಯ ಕೆನ್ನೆಗೆ ಬಳಿದ ಬಣ್ಣ ಕರಗಿ ಗಲ್ಲಕ್ಕೆ ಇಳಿದಿದೆ. ಯಾರೋ ಜಿರೆನ್‌ನ ತಾಯಿಯನ್ನು ನೆನೆದು ಬೈಯುತ್ತಾನೆ, ಪಕ್ಕದವಳು ‘ಮಕ್ಕಳಿದ್ದಾರೆ’ ಎಂದು ಅವನಿಗೆ ಮೊಳಕೈಯಲ್ಲಿ ತಿವಿಯುತ್ತಾಳೆ.

ಆಗ ಪರದೆಯ ಅಂಚಿನಿಂದ ಅವರಿಬ್ಬರು.

ಇಬ್ಬರೂ ಗೋಕುವಿನ ತಂಡದವರೇ. ಒಬ್ಬ ನಂಬರ್ 17. ತನ್ನವರನ್ನು ಉಳಿಸಲು ತಾನೇ ಸಿಡಿದು ಸತ್ತನೆಂದು ಮೂರು ಕಂತಿನ ಹಿಂದೆ ಎಲ್ಲರೂ ಅತ್ತಿದ್ದರು, ಬದುಕಿದ್ದಾನೆ. ಇನ್ನೊಬ್ಬ ಫ್ರೀಸರ್, ಇಂಗ್ಲಿಷಿನಲ್ಲಿ ನೋಡಿದವರಿಗೆ ಫ್ರೀಜಾ. ಗೋಕುವಿನ ಹುಟ್ಟು ಗ್ರಹವನ್ನು ಸುಟ್ಟವನು, ಕ್ರಿಲಿನ್‌ನನ್ನು ಕೊಂದು ಗೋಕುವಿನ ಕೂದಲನ್ನು ಮೊದಲ ಬಾರಿ ಹೊಂಬಣ್ಣಕ್ಕೆ ತಿರುಗಿಸಿದವನು. ಆ ಐದು ನಿಮಿಷದ ಗ್ರಹದ ಖಳ ಇವನೇ. ಇಬ್ಬರೂ ಸೇರಿ ಗೋಕು ಹೊರಬೀಳದಂತೆ ಉಳಿಸುತ್ತಾರೆ.

ಇಡೀ ಸಂಜೆಯ ದೊಡ್ಡ ಕೂಗು ಇದಕ್ಕೆ ಬಂತು. ಗೋಕುವಿನ ಬೆಳ್ಳಿ ಕೂದಲಿಗಲ್ಲ, ಗುದ್ದಿಗಲ್ಲ. ಇಪ್ಪತ್ತು ವರ್ಷ ಶಾಪ ಹಾಕಿದವನ ಹೆಸರು ಹಿಡಿದು ‘ಫ್ರೀ-ಸರ್! ಫ್ರೀ-ಸರ್!’ ಎಂದು ಸಾವಿರಾರು ಜನ ಕುಣಿಯುತ್ತಿದ್ದಾರೆ. ಎಳೆಯ ಹುಡುಗನಿಗೆ ಇದು ಬರೀ ಖುಷಿ. ಅವನ ಅಪ್ಪನಿಗೆ ಎರಡು ಖುಷಿ, ಒಂದು ಅವಮಾನ. ಅವನು ನಗುತ್ತ ತಲೆ ಆಡಿಸುತ್ತ, ನಿಮ್ಮ ಕಡೆ ತಿರುಗಿ, ಎಂಟು ವರ್ಷದವನಿದ್ದಾಗ ಇವನ ಕಾಟಕ್ಕೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಈಗ ನೋಡಿ ನನ್ನ ಗತಿ ಎನ್ನುತ್ತಾನೆ. ಆಮೇಲೆ ಅವನೂ ಕೂಗುತ್ತಾನೆ.

ಕಂತು ಅಲ್ಲಿಗೇ ಕಡಿದು ನಿಲ್ಲುತ್ತದೆ. ಇನ್ನೂ ಒಂದು ವಾರ ಕಾಯಬೇಕು. ಮುಂದಿನ ಕಂತಿನಲ್ಲಿ ಕೊನೆಗೆ ಅಖಾಡದಲ್ಲಿ ಉಳಿಯುವುದು ಗೋಕುವೂ ಅಲ್ಲ, ಫ್ರೀಸರೂ ಅಲ್ಲ, ಆ 17. ಗೆದ್ದವನಾಗಿ ಅವನು ಕೇಳುವ ವರ, ಅಳಿಸಿಹೋದ ಎಲ್ಲ ವಿಶ್ವಗಳೂ ಮರಳಿ ಬರಲಿ ಎಂಬುದು. ಈ ಜನಕ್ಕೆ ಅದು ಇನ್ನೂ ಗೊತ್ತಿಲ್ಲವಾದ್ದರಿಂದ ಎಲ್ಲರೂ ತಮ್ಮ ತಮ್ಮ ಕೊನೆಯನ್ನು ಗಟ್ಟಿಯಾಗಿ ಕಟ್ಟುತ್ತಿದ್ದಾರೆ. ಗೋಕುವೇ ಗೆಲ್ಲುವುದು, ಇಲ್ಲದಿದ್ದರೆ ನಾನು ಈ ಅಂಗಿ ಸುಡುತ್ತೇನೆ ಎನ್ನುತ್ತಾನೊಬ್ಬ. ವೆಜೀಟಾನನ್ನು ಬೀಳಿಸಿದ್ದೇ ಅನ್ಯಾಯ ಎಂದು ಇನ್ನೊಬ್ಬ ಹಳೇ ಕಡತ ಬಿಚ್ಚುತ್ತಾನೆ. 48 ನಿಮಿಷ ಮುಗಿದಿಲ್ಲವೇ ಎಂದು ಅಜ್ಜಿ ಕೇಳುತ್ತಾಳೆ, ಅವಳಿಗೆ ಯಾರೂ ಸರಿಯಾದ ಉತ್ತರ ಕೊಡುವುದಿಲ್ಲ.

ಕಾರುಗಳು ಸಾಲಾಗಿ ನಿಂತು ಹಾರ್ನ್ ಹೊಡೆಯುತ್ತಿವೆ. ಗೇಟಿನ ಹತ್ತಿರ ನೂಕಾಟ. ಜೋಳದ ಗಾಡಿಯವನ ಪಾತ್ರೆ ಬರಿದಾಗಿದೆ, ಅವನು ಪರದೆಯ ಕಡೆಗೆ ಬೆನ್ನು ಹಾಕಿ ನಿಂತು ವ್ಯಾಪಾರ ಮಾಡಿದವನು, ಏನೂ ನೋಡಿಲ್ಲ. ಹೊರಟವರನ್ನು ತಡೆದು ಎರಡೇ ಪ್ರಶ್ನೆ ಕೇಳುತ್ತಿದ್ದಾನೆ: ಬರುವ ಶನಿವಾರವೂ ಇದೆಯಂತೆ ಹೌದೇ, ಎಷ್ಟು ಹೊತ್ತಿಗೆ? ಜಪಾನಿನವರು ಬೇಡ ಅಂದಿದ್ದಾರೆ ಎಂದು ಒಬ್ಬಳು. ಇವತ್ತೂ ಬೇಡ ಅಂದಿದ್ದರಲ್ಲ ಎಂದು ಅವಳ ಗಂಡ. ಗಾಡಿಯವನು ಇಬ್ಬರ ಮುಖವನ್ನೂ ನೋಡಿ, ಹಾಗಾದರೆ ಎರಡರಷ್ಟು ಜೋಳ ತರುತ್ತೇನೆ ಎನ್ನುತ್ತಾನೆ.